ಕರೆಂಟ್ ಉಳಿಸಲು ಹೊರಟು ಎರಡು ಫ್ರಿಜ್ ಓಡಿಸಿದ ಒಂದು ವರ್ಷ

ಪರಿಸರಕ್ಕೆ ಹೊರೆಯಾಗದ ಹಾಗೆ ಮನೆ ನಡೆಸಬೇಕು, ಕರೆಂಟ್ ಉಳಿಸಬೇಕು, ಅದಕ್ಕೆ ಮೊದಲು ಏನೇನು ಕೊಳ್ಳಬೇಕು, ಸಣ್ಣ ಸಣ್ಣ ಬದಲಾವಣೆಗಳ ಪಟ್ಟಿ ಕೊಡಿ, ಫ್ರಿಜ್ ಬದಲಿಸಲೇಬೇಕಾ ಅಂತ ಕೇಳಿದ್ದೀರಿ. ಐದು ವರ್ಷದ ಹಿಂದೆ ನನ್ನ ನೋಟ್‌ಬುಕ್‌ನಲ್ಲಿ ಇಂಥದ್ದೇ ಒಂದು ಪಟ್ಟಿ ಇತ್ತು. 31 ಸಾಲು. ಒಂದೊಂದು ಮುಗಿದ ಹಾಗೆ ಪಕ್ಕದಲ್ಲಿ ಗುರುತು ಹಾಕುತ್ತಿದ್ದೆ. ಎಲ್ಇಡಿ ಬಲ್ಬ್, ಬಟ್ಟೆ ಚೀಲ, ಬಿದಿರಿನ ಹಲ್ಲುಜ್ಜುವ ಬ್ರಷ್, ಚಾರ್ಜರ್ ಕಿತ್ತಿಡುವುದು, ಕಡಿಮೆ ಕರೆಂಟ್ ಎಳೆಯುವ ಹೊಸ ಫ್ರಿಜ್. ಒಂದು ವರ್ಷದಲ್ಲಿ 24 ಸಾಲಿಗೆ ಗುರುತು ಬಿತ್ತು.

ಆಮೇಲೆ ಹಳೆಯ ಬಿಲ್‌ಗಳನ್ನು ತೆಗೆದು ಹರಡಿಕೊಂಡು ಕೂತೆ. ಮೊದಲು ತಿಂಗಳಿಗೆ ಸರಾಸರಿ 140 ಯುನಿಟ್ ಬರುತ್ತಿತ್ತು. 110ಕ್ಕೆ ಇಳಿದಿರುತ್ತದೆ ಅಂದುಕೊಂಡಿದ್ದೆ. ಇದ್ದದ್ದು 175.

ಮನೆಯವರೆಲ್ಲ ನನ್ನ ಮಾತು ಕೇಳಿ ಒಂದು ವರ್ಷ ಸಹಕರಿಸಿದ್ದರು. ಮಗಳು ದಿನಾ ರಾತ್ರಿ ಮಲಗುವ ಮುಂಚೆ ಮನೆಯೆಲ್ಲ ಸುತ್ತಿ ಚಾರ್ಜರ್ ಕಿತ್ತಿಡುತ್ತಿದ್ದಳು. ಆ ಬಿಲ್ ಅವಳಿಗೆ ತೋರಿಸಲು ನನಗೆ ತುಂಬಾ ಕಷ್ಟವಾಯಿತು.

ತಪ್ಪಾದದ್ದು ಹೊಸ ಫ್ರಿಜ್ ವಿಷಯದಲ್ಲಿ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಏಕೆಂದರೆ ನೀವೂ ಫ್ರಿಜ್ ಬದಲಿಸುವ ಬಗ್ಗೆ ಕೇಳಿದ್ದೀರಿ.

ಹೊಸದು ಬಂದ ದಿನ ಹಳೆಯದು ಇನ್ನೂ ಓಡುತ್ತಿತ್ತು. ಓಡುವ ವಸ್ತುವನ್ನು ಹೊರಗೆ ಹಾಕುವುದು ಪರಿಸರಕ್ಕೆ ಮಾಡುವ ಅನ್ಯಾಯ ಅಂತ ನನಗೆ ಅನಿಸಿತು. ಹೊಸದು ಕಡಿಮೆ ಕರೆಂಟ್ ತಿನ್ನುತ್ತದೆ, ಹಾಗಾಗಿ ಹಳೆಯದೂ ಒಂದು ಕಡೆ ಇರಲಿ, ಕುಡಿಯುವ ನೀರಿಗೆ, ಹಬ್ಬ ಹರಿದಿನಕ್ಕೆ ಆಗುತ್ತದೆ ಅಂದೆ. ಹಿಂದಿನ ಕೋಣೆಗೆ ತಳ್ಳಿ ಪ್ಲಗ್ ಸಿಕ್ಕಿಸಿದೆವು. ಆ ಕೋಣೆಗೆ ಮಧ್ಯಾಹ್ನದಿಂದ ಸಂಜೆಯವರೆಗೆ ನೇರ ಬಿಸಿಲು. ಜಾಗ ಉಳಿಯಲಿ ಅಂತ ಫ್ರಿಜ್‌ನ ಬೆನ್ನನ್ನು ಗೋಡೆಗೆ ಒತ್ತಿಯೇ ನಿಲ್ಲಿಸಿದ್ದೆವು. ಒಳಗೆ ಇದ್ದದ್ದು ನಾಲ್ಕು ಬಾಟಲಿ ನೀರು.

ಫ್ರಿಜ್ ಏನು ಮಾಡುತ್ತದೆ ಅಂತ ನಾನು ಅದುವರೆಗೆ ಸರಿಯಾಗಿ ಯೋಚಿಸಿರಲಿಲ್ಲ. ಅದು ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುತ್ತದೆ. ಹೊರಗೆ ಹಾಕುವುದು ಬೆನ್ನಿನ ಅಥವಾ ಪಕ್ಕದ ಕೊಳವೆಗಳ ಮೂಲಕ. ಒಳಗೆ 4 ಡಿಗ್ರಿ ಇರಬೇಕು. ಕೋಣೆ 26 ಡಿಗ್ರಿ ಇದ್ದರೆ ಕೆಲಸ ಸುಲಭ. ಕೋಣೆಯೇ 38 ಡಿಗ್ರಿ ಇದ್ದರೆ ಎರಡು ತೊಂದರೆ. ಫ್ರಿಜ್‌ನ ಗೋಡೆಗಳಿಂದ ಒಳಗೆ ನುಗ್ಗುವ ಶಾಖ ಜಾಸ್ತಿಯಾಗುತ್ತದೆ. ಆ ಶಾಖವನ್ನು ಬಿಸಿ ಗಾಳಿಗೆ ಹಾಕಲು ಕಂಪ್ರೆಸರ್ ಹೆಚ್ಚು ಒದ್ದಾಡಬೇಕಾಗುತ್ತದೆ. ಬೆನ್ನು ಗೋಡೆಗೆ ಒತ್ತಿದ್ದರೆ ಗಾಳಿಯಾಡದೆ ಇನ್ನೂ ಕಷ್ಟ. ಒಳಗೆ ನಾಲ್ಕು ಬಾಟಲಿ ಇರಲಿ, ತುಂಬಿ ತುಳುಕಲಿ, ಕರೆಂಟ್ ಖರ್ಚು ಹೆಚ್ಚುಕಡಿಮೆ ಅಷ್ಟೇ. ಏಕೆಂದರೆ ಮುಖ್ಯವಾಗಿ ಶಾಖ ಬರುವುದು ಗೋಡೆಗಳಿಂದ ಮತ್ತು ಬಾಗಿಲಿನ ರಬ್ಬರ್ ಸಂದಿನಿಂದ. ನಮ್ಮ ಹಳೆಯ ಫ್ರಿಜ್‌ನ ರಬ್ಬರ್ ಎಷ್ಟು ಸಡಿಲವಾಗಿತ್ತೆಂದರೆ, ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆದರೆ ತಡೆಯೇ ಇಲ್ಲದೆ ಹೊರಗೆ ಬರುತ್ತಿತ್ತು.

ಇದೆಲ್ಲ ಗೊತ್ತಾದದ್ದು ಮೀಟರ್ ಮುಂದೆ ನಿಂತ ಒಂದು ರಾತ್ರಿ. ಇದನ್ನು ನೀವು ಇವತ್ತೇ ಮಾಡಬಹುದು, ಏನೂ ಕೊಳ್ಳಬೇಕಾಗಿಲ್ಲ. ಡಿಜಿಟಲ್ ಮೀಟರ್ ಮೇಲೆ ಒಂದು ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲಿ 3200 ಇಂಪ್/ಕೆಡಬ್ಲ್ಯೂಎಚ್ ಅಂತಲೋ 1600 ಅಂತಲೋ ಬರೆದಿರುತ್ತದೆ. ಅಂದರೆ ಅಷ್ಟು ಸಲ ಮಿನುಗಿದರೆ ಒಂದು ಯುನಿಟ್. ಎರಡು ಮಿನುಗಿನ ನಡುವೆ ಎಷ್ಟು ಸೆಕೆಂಡ್ ಅಂತ ಎಣಿಸಿ. 36,00,000 ಅನ್ನು ಆ ಇಂಪ್ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಸೆಕೆಂಡಿನಿಂದ ಭಾಗಿಸಿ. ಆ ಕ್ಷಣಕ್ಕೆ ಮನೆ ಎಷ್ಟು ವ್ಯಾಟ್ ಎಳೆಯುತ್ತಿದೆ ಅಂತ ಸಿಗುತ್ತದೆ. 3200ರ ಮೀಟರ್ ಆದರೆ ಲೆಕ್ಕ ಇನ್ನೂ ಸುಲಭ. 1125 ಅನ್ನು ಸೆಕೆಂಡಿನಿಂದ ಭಾಗಿಸಿದರೆ ಆಯಿತು.

ನಾನು ಮನೆಯ ದೀಪ, ಫ್ಯಾನ್, ಟಿವಿ, ಗೀಸರ್ ಎಲ್ಲ ಆರಿಸಿ ಎಣಿಸಿದೆ. ಐದು ಸೆಕೆಂಡಿಗೊಮ್ಮೆ ಮಿನುಗು. 225 ವ್ಯಾಟ್! ಏನೂ ಓಡದ ಮನೆ, ಅಷ್ಟೊಂದು ಕರೆಂಟ್. ಹಿಂದಿನ ಕೋಣೆಯ ಫ್ರಿಜ್ ಪ್ಲಗ್ ಕಿತ್ತೆ. ಮಿನುಗು 18 ಸೆಕೆಂಡಿಗೊಮ್ಮೆ ಆಯಿತು. ಅಂದರೆ 62 ವ್ಯಾಟ್. ಹೊಸ ಫ್ರಿಜ್ ಅನ್ನೂ ಐದು ನಿಮಿಷ ಆರಿಸಿದೆ. ಆಗ ಒಂದೂವರೆ ನಿಮಿಷಕ್ಕೊಮ್ಮೆ ಮಿನುಗಿತು, ಸುಮಾರು 12 ವ್ಯಾಟ್. ಅದು ರಿಮೋಟ್‌ನಲ್ಲಿ ಮಾತ್ರ ಆರಿಸಿದ್ದ ಸೆಟ್‌ಟಾಪ್ ಬಾಕ್ಸ್.

ಒಂದು ಕ್ಷಣದ ಲೆಕ್ಕ ಸಾಲದು ಅಂತ ಗೆಳೆಯರೊಬ್ಬರ ಹತ್ತಿರ ಇದ್ದ, ಪ್ಲಗ್‌ಗೆ ಸಿಕ್ಕಿಸುವ ಚಿಕ್ಕ ಮೀಟರ್ ತಂದು ಒಂದೊಂದನ್ನೇ 24 ಗಂಟೆ ಅಳೆದೆ. ಹೊಸ ಫ್ರಿಜ್ ದಿನಕ್ಕೆ 0.8 ಯುನಿಟ್. ಬಿಸಿಲು ಕೋಣೆಯ ಹಳೆಯದು 2 ಯುನಿಟ್. ಅದನ್ನೇ ಒಂದು ದಿನ ಮತ್ತೆ ಅಡುಗೆಮನೆಗೆ ತಂದು, ಹಿಂದೆ ಒಂದು ಗೇಣು ಜಾಗ ಬಿಟ್ಟು ಅಳೆದರೆ 1.5. ನೋಡಿ, ಜಾಗ ಬದಲಿಸಿದ್ದಕ್ಕೇ ದಿನಕ್ಕೆ ಅರ್ಧ ಯುನಿಟ್ ವ್ಯತ್ಯಾಸ. ಮೊದಲು ಫ್ರಿಜ್‌ಗೆ ತಿಂಗಳಿಗೆ 45 ಯುನಿಟ್ ಹೋಗುತ್ತಿತ್ತು. ಉಳಿತಾಯಕ್ಕೆ ಅಂತ ಹೊಸದು ತಂದ ಮೇಲೆ 84 ಹೋಗುತ್ತಿತ್ತು.

ಈಗ ಇದರ ಪಕ್ಕದಲ್ಲಿ ನಮ್ಮ ಮಿಕ್ಕ ಶ್ರಮವನ್ನು ಇಡಿ. ನಮ್ಮಲ್ಲಿ ಅದಾಗಲೇ 14 ವ್ಯಾಟ್‌ನ ಸಿಎಫ್ಎಲ್ ಬಲ್ಬ್ ಇದ್ದವು. ಆರು ಬಲ್ಬ್ ತೆಗೆದು 9 ವ್ಯಾಟ್‌ನ ಎಲ್ಇಡಿ ಹಾಕಿದ್ದರಿಂದ ಉಳಿದದ್ದು ತಿಂಗಳಿಗೆ ನಾಲ್ಕೂವರೆ ಯುನಿಟ್. (ನಿಮ್ಮ ಮನೆಯಲ್ಲಿ ಇನ್ನೂ 60 ವ್ಯಾಟ್‌ನ ಹಳೆಯ ಗುಂಡು ಬಲ್ಬ್ ಉರಿಯುತ್ತಿದ್ದರೆ ಮಾತು ಬೇರೆ, ಅದನ್ನು ಇವತ್ತೇ ಬದಲಿಸಿ.) ಮಗಳು ಕಿತ್ತಿಡುತ್ತಿದ್ದ ನಾಲ್ಕು ಚಾರ್ಜರ್‌ಗಳಿಂದ ಉಳಿದದ್ದು ತಿಂಗಳಿಗೆ ಅರ್ಧ ಯುನಿಟ್ ಕೂಡ ಅಲ್ಲ. ಫೋನ್ ಸಿಕ್ಕಿಸದ ಚಾರ್ಜರ್ ಒಂದು ವ್ಯಾಟ್‌ನ ಒಂದು ಚೂರು ಮಾತ್ರ ಎಳೆಯುತ್ತದೆ. ಅವಳ ಒಂದು ವರ್ಷದ ರಾತ್ರಿಗಳನ್ನು ಹಳೆಯ ಫ್ರಿಜ್ ಮೂರೇ ದಿನದಲ್ಲಿ ನುಂಗುತ್ತಿತ್ತು. ಅವಳಿಗೆ ಕೊಟ್ಟದ್ದು ತಪ್ಪು ಕೆಲಸ, ಕೊಟ್ಟವನು ನಾನು.

ಹಳೆಯ ಫ್ರಿಜ್ ಇಟ್ಟುಕೊಂಡದ್ದಷ್ಟೇ ತಪ್ಪು ಅಂತ ಓದಬೇಡಿ. ಅದರ ಹಿಂದಿನ ಯೋಚನೆಯೇ ತಪ್ಪು. ‘ಹೊಸದು ಕಡಿಮೆ ತಿನ್ನುತ್ತದೆ, ಹಾಗಾಗಿ ಇನ್ನೊಂದಿಷ್ಟು ನಡೆಯುತ್ತದೆ’ ಅನ್ನುವ ಯೋಚನೆ. ವಿಲಿಯಂ ಸ್ಟಾನ್ಲಿ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞ 1865ರಲ್ಲೇ ಇದನ್ನು ಕಲ್ಲಿದ್ದಲಿನಲ್ಲಿ ಗುರುತಿಸಿದ್ದ. ಉಗಿ ಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡತೊಡಗಿದಾಗ ಬ್ರಿಟನ್ನಿನಲ್ಲಿ ಕಲ್ಲಿದ್ದಲಿನ ಬಳಕೆ ಇಳಿಯಲಿಲ್ಲ, ಏರಿತು. ನಮ್ಮ ಮನೆಯಲ್ಲೂ ಅದೇ ನಡೆದಿತ್ತು. ಎಲ್ಇಡಿ ಕಡಿಮೆ ತಿನ್ನುತ್ತದಲ್ವಾ ಅಂತ ಹೊರಗಿನ ದೀಪವನ್ನು ರಾತ್ರಿಯಿಡೀ ಉರಿಸಲು ಶುರು ಮಾಡಿದ್ದೆವು.

ಆದ್ದರಿಂದ ‘ಮೊದಲು ಏನು ಕೊಳ್ಳಬೇಕು’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೊದಲ ಒಂದು ತಿಂಗಳು ಏನೂ ಕೊಳ್ಳಬೇಡಿ. ಬಟ್ಟೆ ಚೀಲವನ್ನೂ ಕೊಳ್ಳಬೇಡಿ. ಡೆನ್ಮಾರ್ಕಿನ ಪರಿಸರ ಸಂರಕ್ಷಣಾ ಸಂಸ್ಥೆ 2018ರಲ್ಲಿ ಚೀಲಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿತು. ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹತ್ತಿಯ ಚೀಲ ಹವಾಮಾನದ ಲೆಕ್ಕದಲ್ಲಿ ಮೇಲಾಗಬೇಕಾದರೆ ಅದನ್ನು ಕನಿಷ್ಠ 52 ಸಲ ಬಳಸಬೇಕು. ನೀರು, ಓಝೋನ್ ಪದರ ಮುಂತಾದ ಎಲ್ಲ ಪರಿಣಾಮಗಳನ್ನೂ ಸೇರಿಸಿದರೆ 7,100 ಸಲ. ಪ್ಲಾಸ್ಟಿಕ್ ಕಸ ಚೆಲ್ಲಾಡಿ ಆಗುವ ಹಾನಿ ಆ ಲೆಕ್ಕದಲ್ಲಿಲ್ಲ, ಅದು ನಿಜ. ಆದರೂ ನನ್ನ ಹತ್ತಿರ ಒಂಬತ್ತು ಹೊಸ ಬಟ್ಟೆ ಚೀಲ ಇದ್ದವು, ಬಳಸುತ್ತಿದ್ದದ್ದು ಎರಡು. ಮನೆಯಲ್ಲಿರುವ ಚೀಲ ಹರಿಯುವವರೆಗೆ ಹೊಸದು ಬೇಡ.

‘ಸಣ್ಣ ಸಣ್ಣ ಬದಲಾವಣೆ’ ಅನ್ನುವುದನ್ನೂ ಬಿಡಿ. ಹನಿ ಹನಿ ಕೂಡಿದರೆ ಹಳ್ಳ ಅನ್ನುವ ಮಾತು ಇಲ್ಲಿ ನನಗೆ ಮೋಸ ಮಾಡಿತು. ಹನಿಗಳನ್ನು ಕೂಡಿಸುತ್ತಾ ಕೂತಿದ್ದೆ, ಆ ಕಡೆ ತೂಬು ತೆರೆದೇ ಇತ್ತು. ಮನೆಯಲ್ಲಿ ಕರೆಂಟ್ ಎಲ್ಲಿ ಹೋಗುತ್ತದೆ ಅಂತ ಹುಡುಕಲು ಒಂದೇ ಗುರುತು ಸಾಕು. ಶಾಖ ಹುಟ್ಟಿಸುವ ಅಥವಾ ಶಾಖ ಸಾಗಿಸುವ ವಸ್ತು ಯಾವುದು? ಗೀಸರ್, ಎಸಿ, ಫ್ರಿಜ್, ಬಟ್ಟೆ ಒಣಗಿಸುವ ಯಂತ್ರ, ಓವನ್, ಬಿಸಿ ನೀರಲ್ಲಿ ಒಗೆಯುವ ವಾಷಿಂಗ್ ಮೆಷಿನ್. ಬೆಳಕು ಕೊಡುವ, ಸದ್ದು ಮಾಡುವ ಚಿಕ್ಕ ವಸ್ತುಗಳು ಆಮೇಲಿನ ಮಾತು.

ಬಿಸಿ ನೀರಿನ ಲೆಕ್ಕ ನೋಡಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 1.16 ವ್ಯಾಟ್-ಗಂಟೆ ಬೇಕು. ಯಾವ ಕಂಪನಿಯ ಗೀಸರ್ ಆದರೂ ಇದನ್ನು ತಪ್ಪಿಸಲು ಆಗದು, ಇದು ನೀರಿನ ಗುಣ. 15 ಲೀಟರ್ ನೀರನ್ನು 20ರಿಂದ 40 ಡಿಗ್ರಿಗೆ ತರಲು ಸುಮಾರು 0.35 ಯುನಿಟ್. ಅಷ್ಟರಲ್ಲಿ 9 ವ್ಯಾಟ್‌ನ ಬಲ್ಬ್ 38 ಗಂಟೆ ಉರಿಯುತ್ತದೆ. ಸ್ನಾನಕ್ಕೆ ಬಳಸುವ ನೀರನ್ನು 15 ಲೀಟರ್ ಕಡಿಮೆ ಮಾಡಿದರೆ ಒಂದೂವರೆ ದಿನ ದೀಪ ಆರಿಸಿದಷ್ಟೇ ಆಯಿತು.

ನಮ್ಮ 25 ಲೀಟರ್‌ನ ಗೀಸರ್ ದಿನವಿಡೀ ಆನ್ ಇರುತ್ತಿತ್ತು. ಒಮ್ಮೆ ಯಾರೂ ಮನೆಯಲ್ಲಿ ಇಲ್ಲದ ದಿನ ಅದನ್ನು ಆರಿಸದೆ ಬಿಟ್ಟು ಅಳೆದೆ. ಒಂದು ಹನಿ ನೀರೂ ಬಳಸದೆ 0.9 ಯುನಿಟ್ ಹೋಗಿತ್ತು. ತೊಟ್ಟಿಯ ಶಾಖ ಸುಮ್ನೆ ಗೋಡೆಗೆ, ಗಾಳಿಗೆ ಸೋರಿ ಹೋದದ್ದು. ಈಗ ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಾಕುತ್ತೇವೆ, ಎಲ್ಲರೂ ಒಬ್ಬರಾದ ಮೇಲೆ ಒಬ್ಬರು ಸ್ನಾನ ಮುಗಿಸುತ್ತೇವೆ, ಆರಿಸುತ್ತೇವೆ. ಒಂದು ಎಚ್ಚರಿಕೆ. ಕರೆಂಟ್ ಉಳಿಸಲು ಗೀಸರ್ ಅನ್ನು 40–45 ಡಿಗ್ರಿಗೆ ಇಳಿಸಿ ಯಾವಾಗಲೂ ಆನ್ ಇಡಿ ಅಂತ ಕೆಲವರು ಹೇಳುತ್ತಾರೆ. ಅದನ್ನು ಕೇಳಬೇಡಿ. ಉಗುರು ಬೆಚ್ಚಗೆ ನಿಂತ ನೀರಿನಲ್ಲಿ ಲೆಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದರಿಂದ ನ್ಯುಮೋನಿಯಾ ಬರಬಹುದು. 60 ಡಿಗ್ರಿಗೆ ಅದು ಸಾಯುತ್ತದೆ. ಶಾಖ 60ರಲ್ಲೇ ಇರಲಿ, ಗೀಸರ್ ಓಡುವ ಹೊತ್ತು ಕಡಿಮೆ ಮಾಡಿ.

ಎಸಿ ನಮ್ಮಲ್ಲಿಲ್ಲ, ಅದರ ಅನುಭವ ಹೇಳಲಾರೆ. ಬಟ್ಟೆಯನ್ನು ತಣ್ಣೀರಲ್ಲೇ ಒಗೆಯಿರಿ. ಬಿಸಿ ನೀರಲ್ಲಿ ಒಗೆಯುವ ಮೆಷಿನ್‌ನಲ್ಲಿ ಹೆಚ್ಚಿನ ಕರೆಂಟ್ ನೀರು ಕಾಯಿಸಲೇ ಹೋಗುತ್ತದೆ. ಅಡುಗೆಗೆ ಪಾತ್ರೆ ಮುಚ್ಚಿಡಿ, ಕುದಿ ಬಂದ ಮೇಲೆ ಉರಿ ಸಣ್ಣಗೆ ಮಾಡಿ. ಉರಿ ಜೋರು ಮಾಡಿದರೂ ನೀರು 100 ಡಿಗ್ರಿ ದಾಟುವುದಿಲ್ಲ, ಆವಿ ಮಾತ್ರ ಜಾಸ್ತಿ.

ಫ್ರಿಜ್ ಬದಲಿಸಲೇಬೇಕಾ ಅಂತ ನೀವು ಕೇಳಿದ್ದಕ್ಕೆ ನನ್ನ ಉತ್ತರ: ಅಳೆಯದೆ ಬೇಡ. ಮೊದಲು ಬಾಗಿಲಿಗೆ ಕಾಗದ ಸಿಕ್ಕಿಸಿ ನೋಡಿ, ಸಡಿಲವಿದ್ದರೆ ರಬ್ಬರ್ ಮಾತ್ರ ಬದಲಿಸಿ. ಬೆನ್ನಿನ ಕೊಳವೆಗಳ ಧೂಳು ಒರೆಸಿ, ಗೋಡೆಯಿಂದ ದೂರ ಸರಿಸಿ, ಒಲೆಯ ಪಕ್ಕದಲ್ಲಿದ್ದರೆ ಜಾಗ ಬದಲಿಸಿ. ಒಂದು ವಾರ ಬಿಟ್ಟು ಅಳೆಯಿರಿ. ಆಮೇಲೂ ದಿನಕ್ಕೆ ಒಂದೂವರೆ ಎರಡು ಯುನಿಟ್ ತಿನ್ನುತ್ತಿದ್ದರೆ ಆಗ ಹೊಸದು ತನ್ನಿ. ಇದ್ದದ್ದಕ್ಕಿಂತ ದೊಡ್ಡದು ಬೇಡ. ಹೊಸದು ಒಳಗೆ ಬಂದ ದಿನವೇ ಹಳೆಯದು ಹೊರಗೆ ಹೋಗಲಿ. ಎಲ್ಲಿಗೆ ಹೋಗುತ್ತದೆ ಅಂತಲೂ ನೋಡಿ. ಅನೇಕ ಹಳೆಯ ಫ್ರಿಜ್‌ಗಳಲ್ಲಿ ತಂಪು ಮಾಡಲು ಇರುವ ಆರ್-134ಎ ಅನಿಲ ಒಂದು ಕೆಜಿ ಸೋರಿದರೆ, ಒಂದು ಸಾವಿರ ಕೆಜಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಬಿಸಿ ಏರುತ್ತದೆ. ಗುಜರಿಯಲ್ಲಿ ಕೊಳವೆ ಕತ್ತರಿಸಿದರೆ ಅದು ನೇರ ಗಾಳಿಗೆ. ಅನಿಲವನ್ನು ಹೀರಿ ತೆಗೆಯುವ ಸಲಕರಣೆ ಇರುವವರಿಗೇ ಕೊಡಿ. ನಮ್ಮದನ್ನು ಅಂಥವರು ಸಿಗುವವರೆಗೆ ಮೂರು ವಾರ ಪ್ಲಗ್ ಕಿತ್ತು ಬಾಗಿಲು ತೆರೆದಿಟ್ಟಿದ್ದೆವು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬಾಗಿಲನ್ನೇ ಕಳಚಿಡಿ, ಒಳಗೆ ಸಿಕ್ಕಿಕೊಳ್ಳುವ ಅಪಾಯ ಇದೆ.

ಈಗ ನಮ್ಮ ಮನೆಯಲ್ಲಿ ತಿಂಗಳಿಗೆ 90 ಯುನಿಟ್ ಆಸುಪಾಸು. ಒಂದು ಫ್ರಿಜ್ ಹೋದದ್ದು, ಗೀಸರ್ ಹೊತ್ತಿಗೆ ಸರಿಯಾಗಿ ಆರಿದ್ದು, ಸೆಟ್‌ಟಾಪ್ ಬಾಕ್ಸ್ ಅನ್ನು ಗೋಡೆಯ ಸ್ವಿಚ್‌ನಲ್ಲಿ ಆರಿಸಿದ್ದು, ಈ ಮೂರರಿಂದಲೇ ಹೆಚ್ಚುಕಡಿಮೆ ಎಲ್ಲ ಇಳಿದದ್ದು. ಮಗಳು ಈಗ ಚಾರ್ಜರ್ ಕಿತ್ತಿಡುವುದಿಲ್ಲ. ತಿಂಗಳ ಮೊದಲ ತಾರೀಖು ಮೀಟರ್ ನೋಡಿ ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯುತ್ತಾಳೆ.

ನಿಮ್ಮ ಮೀಟರ್ ಮೇಲಿನ ಇಂಪ್ ಸಂಖ್ಯೆ ಎಷ್ಟು, ಎಲ್ಲ ಆರಿಸಿದ ಮೇಲೆ ಹತ್ತು ಮಿನುಗಿಗೆ ಎಷ್ಟು ಸೆಕೆಂಡ್ ಹಿಡಿಯಿತು, ಇವೆರಡನ್ನು ಕೆಳಗೆ ಬರೆಯಿರಿ. ಲೆಕ್ಕ ಮಾಡಿ ಹೇಳುತ್ತೇನೆ. ಎಣಿಸುವಾಗ ಫ್ರಿಜ್ ಕಂಪ್ರೆಸರ್ ಓಡುತ್ತಿದೆಯೋ ನಿಂತಿದೆಯೋ ಅಂತಲೂ ಕಿವಿಗೊಟ್ಟು ಕೇಳಿ ಬರೆಯಿರಿ, ಅದಿಲ್ಲದೆ ಸಂಖ್ಯೆ ದಾರಿ ತಪ್ಪಿಸುತ್ತದೆ.