ಬೋರ್‌ವೆಲ್ ಪಂಪಿಗೆ ಇನ್ವರ್ಟರ್ (ಡಿಸಿ ಕರೆಂಟ್‌ನ ಪಲ್ಸ್ ಪಲ್ಸಾಗಿ ಕತ್ತರಿಸಿ ಮೋಟಾರ್ ಓಡ್ಸೋದು) ಕಟ್ತಾ ಇದ್ದೀನಿ, ಅದರೊಳಗೆ ಕತ್ತರಿಸೋ ಸ್ವಿಚ್ ಆಗಿ ಐಜಿಬಿಟಿ ಹಾಕ್ಲಾ ಸಿಲಿಕಾನ್ ಕಾರ್ಬೈಡ್ ಮಾಸ್‌ಫೆಟ್ ಹಾಕ್ಲಾ?

ಅಯ್ಯೋ, ನಾನೂ ಇದೇ ಪ್ರಶ್ನೆ ಹಿಡ್ಕೊಂಡು ಮೂರು ತಿಂಗಳು ಡೇಟಾಶೀಟ್ ಓದ್ದೆ. ಕೊನೆಗೆ ಐಜಿಬಿಟಿ ಹಾಕಿ, ಕೋಲಾರದ ಹತ್ರ ನಮ್ಮ ಮಾವನ ತೋಟದ ಬೋರಿಗೆ ಕೂರಿಸ್ದೆ. 415 ವೋಲ್ಟ್, 12.5 ಎಚ್‌ಪಿ ಸಬ್‌ಮರ್ಸಿಬಲ್, ಸಾವಿರ ಅಡಿ ಕೆಳಗೆ. ಇಪ್ಪತ್ತು ದಿನಕ್ಕೆ ಮೋಟಾರ್ ಹೋಯ್ತು. ಪೈಪು ಕೇಬಲ್ಲು ಎಲ್ಲಾ ಎತ್ಸಿ, ಮೋಟಾರ್ ಕಟ್ಸಿ ಇಳಿಸಿದ್ರೆ ಎರಡು ವಾರಕ್ಕೆ ಮತ್ತೆ ಅದೇ ಕಥೆ.

ಮೋಟಾರ್ ಕಟ್ಟೋನ ಮೇಲೆ ರೇಗಾಡ್ದೆ. ಅವನು ಪಾಪ ಸ್ಟೇಟರ್ (ಮೋಟಾರಲ್ಲಿ ಕಾಯಿಲ್ ಸುತ್ತಿರೋ ತಿರುಗದ ಭಾಗ) ಮುಂದಿಟ್ಟು, 'ನೋಡಿ ಸಾರ್, ಓವರ್‌ಲೋಡ್ ಆಗಿದ್ರೆ ಪೂರ್ತಿ ಕಪ್ಪಾಗ್ತಿತ್ತು, ಇದು ಕೇಬಲ್ ಸೇರೋ ಮೊದಲ್ನೇ ಕಾಯಿಲ್ ಮಾತ್ರ ತೂತಾಗಿದೆ' ಅಂದ. ಸೂಜಿ ಚುಚ್ಚಿದಷ್ಟೇ ತೂತು.

ನನ್ನ ತಪ್ಪು ಏನಂದ್ರೆ, ಸ್ಕೋಪ್ (ವೋಲ್ಟೇಜ್ ಏರಿಳಿತ ತೋರ್ಸೋ ಯಂತ್ರ) ಹಾಕಿದ್ದು ಪ್ಯಾನಲ್ ಟರ್ಮಿನಲ್‌ನಲ್ಲಿ. ಅಲ್ಲಿ ಪಲ್ಸ್ 587 ವೋಲ್ಟ್, ಅಂದ್ರೆ ಡಿಸಿ ಬಸ್ (415 ಎಸಿನ ಇನ್ವರ್ಟರ್ ಒಳಗೆ ಡಿಸಿ ಮಾಡಿದಾಗ ಬರೋ ವೋಲ್ಟೇಜ್) ಎಷ್ಟಿತ್ತೋ ಅಷ್ಟೇ, ನೋಡೋಕೆ ಚೆಂದ. ಆದ್ರೆ ಪಲ್ಸ್ ಕೇಬಲಲ್ಲಿ ಮೈಕ್ರೋಸೆಕೆಂಡಿಗೆ ಹೆಚ್ಚುಕಮ್ಮಿ 150 ಮೀಟರ್ ಓಡುತ್ತೆ, ತುದಿಲಿ ಮೋಟಾರಿನ ಇಂಪಿಡೆನ್ಸ್ (ಪಲ್ಸ್‌ಗೆ ಒಡ್ಡೋ ತಡೆ) ಕೇಬಲ್‌ಗಿಂತ ಎಷ್ಟೋ ಜಾಸ್ತಿ, ತೊಟ್ಟಿ ಗೋಡೆಗೆ ಬಡಿದ ಅಲೆ ಮೇಲೇಳೋ ಹಾಗೆ ಅಲ್ಲಿ ವೋಲ್ಟೇಜ್ ಹೆಚ್ಚುಕಮ್ಮಿ ಡಬಲ್ ಆಗುತ್ತೆ. ಮೂರನೇ ಸಲ ಇಳಿಸೋ ಮುಂಚೆ ಕೇಬಲ್ ತೋಟದಲ್ಲೇ ಹಾಸಿ, ಮೋಟಾರ್ ತೊಟ್ಟಿ ನೀರಲ್ಲಿಟ್ಟು ಮೋಟಾರ್ ತುದಿಲಿ ಪ್ರೋಬ್ ಹಾಕ್ದೆ: 1100 ದಾಟಿತ್ತು! ಅಷ್ಟು ಚೂಪಾದ ಏಟು ವೈಂಡಿಂಗ್ ಪೂರ್ತಿ ಹಂಚ್ಕೊಳ್ಳಲ್ಲ, ಮೊದಲ ಸುತ್ತುಗಳೇ ತಿನ್ನಬೇಕು. ಸೆಕೆಂಡಿಗೆ ಸಾವಿರಾರು ಸಲ. ಅದರ ಮೇಲೆ ಕೀರ್ ಅನ್ನೋ ಸದ್ದು ಬೇಡ ಅಂತ ಕ್ಯಾರಿಯರ್‌ನ (ಸ್ವಿಚ್ ಸೆಕೆಂಡಿಗೆ ಎಷ್ಟು ಸಲ ಆನ್-ಆಫ್ ಆಗುತ್ತೆ ಅನ್ನೋದನ್ನ) 4ರಿಂದ 12 ಕಿಲೋಹರ್ಟ್ಸ್‌ಗೆ ಏರಿಸಿದ್ದೆ, ಬುದ್ಧಿವಂತ ನಾನು.

ಹಾಗಾಗಿ ನಿಮ್ಮ ಪ್ರಶ್ನೇನೇ ಉಲ್ಟಾ ಅಂತೀನಿ. ಪಲ್ಸ್ 0.1 ಮೈಕ್ರೋಸೆಕೆಂಡಲ್ಲಿ ಏರಿದ್ರೆ ಏಳೆಂಟು ಮೀಟರ್ ಕೇಬಲ್ಲೇ ಡಬಲ್ ಮಾಡೋಕೆ ಸಾಕು, ಸಿಲಿಕಾನ್ ಕಾರ್ಬೈಡ್ ಇನ್ನೂ ಬೇಗ ಏರುತ್ತೆ, ಆಗ ಒಂದೆರಡು ಮೀಟರೇ ಸಾಕು. 6.6 ಕೆವಿ (6600 ವೋಲ್ಟ್) ಇನ್ವರ್ಟರ್‌ಗಳಲ್ಲಿ ಮಲ್ಟಿಲೆವೆಲ್ ಸರ್ಕ್ಯೂಟ್ ಮಾಡೋದಕ್ಕೆ ಒಂದು ಕಾರಣ ಇದೇ, ಒಂದೇ ಏಟಿಗೆ ಏರಿಸ್ದೆ ಮೆಟ್ಲುಮೆಟ್ಲಾಗಿ ಏರಿಸ್ತಾರೆ. ನೀವು ಐಜಿಬಿಟಿನೇ ಹಾಕಿ, ಉಳಿದ ದುಡ್ಡಲ್ಲಿ ಔಟ್‌ಪುಟ್‌ಗೆ ಸೈನ್ ಫಿಲ್ಟರ್ (ಚೋಕ್ ಅನ್ನೋ ಕಾಯಿಲ್ಲೂ ಕೆಪಾಸಿಟರ್ರೂ ಸೇರಿ ಪಲ್ಸ್‌ನ ನಯ ಮಾಡೋದು) ಹಾಕಿ. ಚೋಕ್ ಇಲ್ದೆ ಬರೀ ಕೆಪಾಸಿಟರ್ ಕಟ್ಟೋಕೆ ಹೋಗ್ಬೇಡಿ, ಐಜಿಬಿಟಿ ಢಂ ಅನ್ನುತ್ತೆ.

ಕೇಬಲ್ ಎಷ್ಟು ಉದ್ದ, ಮೋಟಾರ್ ಇನ್ವರ್ಟರ್ ಡ್ಯೂಟಿನಾ (ಇಂಥ ಏಟು ತಡ್ಕೊಳ್ಳೋ ಹಾಗೆ ಮಾಡಿರೋದಾ) ಅಲ್ವಾ, ಅದನ್ನ ಬರೀಲೇ ಇಲ್ವಲ್ಲ ನೀವು?