ಕೆಲಸ ಬಿಟ್ಟಾಗ ಲ್ಯಾಪ್‌ಟಾಪ್ ವಾಪಸ್ ಕೊಟ್ಟಿದ್ದರೂ ಕಂಪನಿಯವರು ಅದರ ಹಣವನ್ನು ಸಂಬಳದಲ್ಲಿ ಹಿಡಿದಿದ್ದಾರೆ. ಸುಮ್ನೆ ಬಿಡಲಾ, ವಕೀಲರನ್ನು ಹಿಡಿಯಲಾ?

ನಿಮ್ಮದು ಪುಣೆಯ ಹಿಂಜವಾಡಿಯ ಲ್ಯಾಪ್‌ಟಾಪ್, ನನ್ನದು ಅಲ್ಲೇ ಭೋಸರಿಯ ವರ್ನಿಯರ್ ಡಬ್ಬಿ, ಅಂದರೆ ಅಳತೆ ಉಪಕರಣಗಳ ಪೆಟ್ಟಿಗೆ. ಅಷ್ಟೇ ವ್ಯತ್ಯಾಸ.

2018ರ ಮಾತು. ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಸಂಬಳ 19,800. ಕೊನೆಯ ದಿನ ಶನಿವಾರ. ರಾತ್ರಿ ಸ್ವಾರಗೇಟ್‌ನಿಂದ ವಿಜಯಪುರದ ಬಸ್ಸು, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ವರ್ನಿಯರ್, ಮೈಕ್ರೋಮೀಟರ್, ಡಯಲ್ ಗೇಜ್ ಇದ್ದ ಮರದ ಡಬ್ಬಿ ಹಿಡಿದು ಸ್ಟೋರ್‌ಗೆ ಹೋದೆ. ಸ್ಟೋರ್‌ಕೀಪರ್ ವಡಾಪಾವ್ ತಿನ್ನುತ್ತಿದ್ದರು. ತಲೆ ಎತ್ತದೆ 'ಠೇವ್ ತಿಥೇ' (ಅಲ್ಲಿಡು) ಅಂತ ಮರಾಠಿಯಲ್ಲಿ ಅಂದರು. ಇಟ್ಟೆ, ಬಂದೆ.

ಹಾಳಾಗಿದ್ದು ಅಲ್ಲೇ. ರಿಟರ್ನ್ ರಿಜಿಸ್ಟರ್ ಕೌಂಟರ್ ಮೇಲೆ ತೆರೆದೇ ಇತ್ತು. ದಾರಕ್ಕೆ ಪೆನ್ನೂ ಕಟ್ಟಿತ್ತು. ಅವರ ಕೈಯೆಲ್ಲ ಎಣ್ಣೆ, ಈಗ ಸಹಿ ಕೇಳೋದು ಹೇಗೆ ಅಂತ ಸಂಕೋಚ. ನಾಲ್ಕು ವರ್ಷ ಜೊತೆಯಲ್ಲಿ ಚಹಾ ಕುಡಿದವರು ಅಲ್ವಾ? ಡಬ್ಬಿಯ ಒಂದು ಫೋಟೋ ತೆಗೆಯಲಿಲ್ಲ. 'ಸಾಮಾನು ವಾಪಸ್ ಕೊಟ್ಟಿದ್ದೇನೆ' ಅಂತ ಒಂದು ಸಾಲಿನ ಮೇಲ್ ಹಾಕಲಿಲ್ಲ. ಫೋನ್ ಕೈಯಲ್ಲೇ ಇತ್ತು ಮಾರಾಯ್ರೆ!

ಸೆಟಲ್‌ಮೆಂಟ್ ಚೀಟಿ ಬಂತು. ಪಿಎಫ್ 1,440, ಪ್ರೊಫೆಷನಲ್ ಟ್ಯಾಕ್ಸ್ 200, ಅದರ ಕೆಳಗೆ 'ಟೂಲ್ ರಿಕವರಿ 14,600'. ಕೈಗೆ 3,560.

ವಕೀಲರಿಲ್ಲದೆ ವಾಕಡೇವಾಡಿಯ ಕಾರ್ಮಿಕ ಕಚೇರಿಗೆ ಹೋದೆ. ಅಧಿಕಾರಿ ಕಂಪನಿಯವರನ್ನು ಕೇಳಿದ್ದು ಎರಡೇ: ಸಂಬಳದ ಅರ್ಧಕ್ಕಿಂತ ಜಾಸ್ತಿ ಹಿಡಿದದ್ದು ಹೇಗೆ? ಹಿಡಿಯುವ ಮೊದಲು ಇವರ ವಿವರಣೆ ಕೇಳಿದಿರಾ? ಆಗ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯ್ದೆಯಲ್ಲೇ ಎರಡೂ ನಿಯಮ ಇದ್ದವು. ಆಮೇಲೆ ನನ್ನ ಕಡೆ ತಿರುಗಿದರು: ವಾಪಸ್ ಕೊಟ್ಟದ್ದಕ್ಕೆ ಏನಿದೆ? ವಡಾಪಾವ್ ಕಥೆ ಬಿಟ್ಟು ಏನೂ ಇರಲಿಲ್ಲ. ಹೊಸ ಕೆಲಸದಲ್ಲಿ ರಜೆ ಕೇಳಿ ಕೇಳಿ ಸಾಕಾಗಿ ಮೂರನೇ ಸಲಕ್ಕೆ ರಾಜಿಯಾದೆ. ಒಟ್ಟು ಹಿಡಿದದ್ದು 16,240, ಅದರಲ್ಲಿ ಸಂಬಳದ ಅರ್ಧ (9,900) ಮೀರಿದ 6,340 ಬಂತು. ಟೂಲ್ ಹಣದಲ್ಲಿ ಉಳಿದ 8,260 ಹೋಯಿತು.

ಹಾಗಾಗಿ ಬಿಡಲಾ, ವಕೀಲರನ್ನು ಹಿಡಿಯಲಾ ಅನ್ನೋ ನಿಮ್ಮ ಲೆಕ್ಕವೇ ನನಗೆ ಒಪ್ಪಿಗೆಯಿಲ್ಲ. ಲ್ಯಾಪ್‌ಟಾಪ್ ಕೊಟ್ಟ ದಿನದ ಕುರುಹು ಮೊದಲು ಹುಡುಕಿ. ಗೇಟ್‌ಪಾಸ್, ಕೊರಿಯರ್ ರಸೀದಿ, ಐಟಿಯವರ ವಾಟ್ಸಾಪ್ 'ಓಕೆ', ಯಾವುದಾದರೂ ಸರಿ. ಸಂಬಳ ಕೊಡೋಕೆ '45 ದಿನ ನಮ್ಮ ಪಾಲಿಸಿ' ಅಂತ ಎಚ್‌ಆರ್ ಹೇಳಿದರೆ ತಲೆ ಆಡಿಸಬೇಡಿ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆ ಪ್ರಕಾರ, ರಾಜೀನಾಮೆ ಕೊಟ್ಟವರಿಗೂ ಎರಡು ಕೆಲಸದ ದಿನದೊಳಗೆ ಬಾಕಿ ಸಂಬಳ ಸಿಗಬೇಕು. ಯಾವ ಆಧಾರದ ಮೇಲೆ ಹಣ ಹಿಡಿದಿರಿ ಅಂತ ಇವತ್ತೇ ಮೇಲ್ ಹಾಕಿ. ಬರೀ ಫೋನ್‌ನಲ್ಲಿ ಕೇಳಿ ಬಿಡಬೇಡಿ.