ಎರಡನೇ ಗಿಟಾರ್ ಯಾರದು?

1970ರ ದಶಕದ ರಾಕ್ ತಂಡ ಡಾಕ್ಟರ್ ಫೀಲ್‌ಗುಡ್‌ನಲ್ಲಿ ಎರಡನೇ ಗಿಟಾರ್ ನುಡಿಸುತ್ತಿದ್ದವರು ಯಾರು, ಇಂಗ್ಲೆಂಡಿನ ಈ ಹುಡುಗರಿಗೆ ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್ ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ಎರಡನೆಯವರು ಇರಲೇ ಇಲ್ಲ! ನೀವು ಕೇಳುತ್ತಿರುವುದೆಲ್ಲ ವಿಲ್ಕೊ ಜಾನ್ಸನ್ ಒಬ್ಬರದೇ ಕೈಚಳಕ.

ಹಳೆಯ ವಿಡಿಯೊಗಳಲ್ಲಿ ಅವರ ಬಲಗೈಯನ್ನು ಗಮನಿಸಿ. ಬೆರಳ ಸಂದಿನಲ್ಲಿ ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಇರುವುದಿಲ್ಲ. ಬರಿಗೈಯಲ್ಲೇ ತಂತಿಗಳನ್ನು ಬಡಿಯುತ್ತಾರೆ, ಎಡಗೈ ಬೆರಳುಗಳನ್ನು ಅರೆಕ್ಷಣ ಸಡಿಲಿಸಿ ನಾದವನ್ನು ಕತ್ತರಿಸುತ್ತಾರೆ. ಆ 'ಚಕ್ ಚಕ್' ಲಯದ ನಡುವೆಯೇ ಸ್ವರಗಳ ತುಣುಕುಗಳು ಚಿಮ್ಮುತ್ತವೆ. ಹಾಗಾಗಿ ಇಬ್ಬರು ನುಡಿಸಿದಂತೆ ಕೇಳುತ್ತದೆ. ಇದಕ್ಕೆ ಅವರ ಆದರ್ಶ, ಇಂಗ್ಲೆಂಡಿನ ಗಾಯಕ ಜಾನಿ ಕಿಡ್ ಅವರ ಪೈರೇಟ್ಸ್ ತಂಡದ ಗಿಟಾರ್ ವಾದಕ ಮಿಕ್ ಗ್ರೀನ್.

ಇನ್ನು ಬ್ಲೂಸ್ ಬೇರಿನ ಗುರುತು ತಂಡದ ಹೆಸರಿನಲ್ಲೇ ಇದೆ. ಅಮೆರಿಕದ ಬ್ಲೂಸ್ ಪಿಯಾನೊ ವಾದಕ ಪಿಯಾನೊ ರೆಡ್ 1962ರಲ್ಲಿ ಇದೇ ಹೆಸರಿನ ಹಾಡನ್ನು ಹೊರತಂದರು. ಮುಂದೆ ಪೈರೇಟ್ಸ್ ಅದನ್ನು ಹಾಡಿತು. ಅಲ್ಲಿಂದ ಅದು ಥೇಮ್ಸ್ ಅಳಿವೆಯ ಕ್ಯಾನ್ವಿ ದ್ವೀಪದ ಈ ಗೆಳೆಯರ ಪಾಲಾಯಿತು. ತೈಲ ಟ್ಯಾಂಕುಗಳು, ಕೆಸರು, ಸಮುದ್ರದ ತಡೆಗೋಡೆ: ಅವರ ಊರೆಂದರೆ ಅದೇ. ಅಮೆರಿಕದ ಗಾಯಕರಾದ ಜಾನ್ ಲೀ ಹುಕರ್, ಬೋ ಡಿಡ್ಲಿ ಅವರ ಹಾಡುಗಳನ್ನು ಲಂಡನ್ನಿನ ಪಬ್ಬುಗಳಲ್ಲಿ ಬೆವರಿಳಿಸಿ ನುಡಿಸಿದರು. ತಂಡದ ಗಾಯಕ ಲೀ ಬ್ರಿಲೋ ಅವರ ಒರಟು ಕಂಠ ಮತ್ತು ಹಾರ್ಮೋನಿಕಾ ಇಲ್ಲದೆ ಮಾತ್ರ ಈ ತಂಡವನ್ನು ಊಹಿಸಲು ನನ್ನಿಂದಾಗದು.

1976ರಲ್ಲಿ ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಅವರ 'ಸ್ಟುಪಿಡಿಟಿ'ಯಿಂದ ಶುರುಮಾಡಿ. ಸಭಿಕರ ಎದುರು ನುಡಿಸಿದಾಗಲೇ ಧ್ವನಿಮುದ್ರಿಸಿದ್ದು ಅದು. ಅನಂತರ 1975ರ 'ಡೌನ್ ಬೈ ದ ಜೆಟ್ಟಿ' ಕೇಳಿ, ಹೆಡ್‌ಫೋನ್ ಹಾಕಿಕೊಂಡೇ.